ಅಳಿಯ ಕೇಳಿದ ಎಂಜಿನ್

ಆಲ್ಮಾಟಿ ದಾರಿಯ ಕೊರ್ದಾಯ್ ಘಾಟಿ ಹತ್ತುವವರಿಗೆ ಕೊನೆಯ ಬಿಸಿ ಊಟ ನನ್ನ ಹೋಟೆಲಿನದು, ಕೊನೆಯ ರಿಪೇರಿ ನನ್ನ ತಮ್ಮ ಬೆಕೆನ್‌ನದು. ನನ್ನ ಒಲೆಗೂ ಅವನ ಗ್ಯಾರೇಜಿಗೂ ನಡುವೆ ಒಂದೇ ಗೋಡೆ. ಅವನು ಸುತ್ತಿಗೆ ಹಿಡಿದರೆ ನನ್ನ ತಟ್ಟೆಗಳು ಕುಣಿಯುತ್ತವೆ. ನಾನು ಈರುಳ್ಳಿ ಹುರಿದರೆ ಅವನ ಗಿರಾಕಿಗಳು ಕಣ್ಣೊರೆಸಿಕೊಳ್ಳುತ್ತಾರೆ. ಇಬ್ಬರಲ್ಲಿ ಬಾಯಿ ಜೋರು ನನ್ನದು. ಅವನು ಆಡುವ ಮಾತು ಕಡಿಮೆ, ಕೈಗೆ ಮಾತ್ರ ಬಿಡುವಿಲ್ಲ.

ಆ ಕೈಯ ಬಗ್ಗೆ ಹೇಳಲೇಬೇಕು. ಸಾಮೂಹಿಕ ಕೃಷಿಯ ಕಾಲದಲ್ಲಿ ಟ್ರ್ಯಾಕ್ಟರ್ ಶೆಡ್ಡಿನಲ್ಲಿ ಪಳಗಿದ ಕೈ ಅದು. ಕಾರಿನ ಹೊಟ್ಟೆಯೊಳಗೆ, ಕಣ್ಣಿಗೆ ಕಾಣದ ಮೂಲೆಯಲ್ಲಿ, ಎತ್ತಲೋ ನೋಡುತ್ತಾ ನಟ್ಟು ಕೂರಿಸುತ್ತಾನೆ. ನಮ್ಮಲ್ಲಿ ಅತಿಥಿಗೆ ಚಹಾ ಅರ್ಧ ಬಟ್ಟಲು ಕೊಡಬೇಕು. ತುಂಬಿಸಿ ಕೊಟ್ಟರೆ ಕುಡಿದು ಎದ್ದು ಹೋಗು ಎಂದರ್ಥ. ಬೆಕೆನ್‌ಗೆ ಮಾತ್ರ ನಾನು ಅಂಚಿನವರೆಗೂ ತುಂಬಿಸಿಯೇ ಕೊಡುತ್ತೇನೆ. ಹೇಗಿದ್ದರೂ ಕೂರುವವನಲ್ಲ, ಎದ್ದು ಹೋಗುವವನೇ. ಆ ತುಂಬಿದ ಬಟ್ಟಲನ್ನು ಮೂರು ಬೆರಳಲ್ಲಿ ಹಿಡಿದು, ಮಂಜು ಹೆಪ್ಪುಗಟ್ಟಿದ ಅಂಗಳ ದಾಟಿ, ಒಂದು ಹನಿ ಚೆಲ್ಲದೆ ಗ್ಯಾರೇಜು ಸೇರುತ್ತಾನೆ. ಲಾರಿ ಡ್ರೈವರುಗಳು ಅದನ್ನು ನೋಡಲೆಂದೇ ಬಾಗಿಲ ಪಕ್ಕದ ಮೇಜು ಹಿಡಿಯುವುದುಂಟು.

ಅವನ ಬಳಿ ಹುಡುಗರು ಬರುತ್ತಲೇ ಇರುತ್ತಾರೆ. ಕಾರಿಗೆ ದೊಡ್ಡ ಎಂಜಿನ್ ಹಾಕಿಕೊಡಿ, ಘಾಟಿಯಲ್ಲಿ ಎಲ್ಲರನ್ನೂ ಹಿಂದೆ ಹಾಕಬೇಕು ಎಂಬುದು ಎಲ್ಲರ ರಾಗ. ಆಗುತ್ತೆ ಎಂದೂ ಬೆಕೆನ್ ಹೇಳುವುದಿಲ್ಲ, ಆಗಲ್ಲ ಎಂದೂ ಹೇಳುವುದಿಲ್ಲ. ಮೊದಲು ಕಾರಿನ ಮುಚ್ಚಳ ಎತ್ತುತ್ತಾನೆ. ಹತ್ತರಲ್ಲಿ ಆರು ಕಾರಿನ ಗಾಳಿ ಫಿಲ್ಟರಿನಲ್ಲಿ ಅರ್ಧ ಹುಲ್ಲುಗಾವಲು ತುಂಬಿರುತ್ತದೆ. ಇನ್ನು ಕೆಲವು ಕಾರಿನಲ್ಲಿ ಬ್ರೇಕು ಚಕ್ರಕ್ಕೆ ಕಚ್ಚಿಕೊಂಡು ಓಡಲು ಬಿಡುತ್ತಿರುವುದಿಲ್ಲ. ಅದನ್ನೆಲ್ಲ ಸರಿಮಾಡಿ, "ಹೋಗಿ ಒಂದು ಸುತ್ತು ಹೊಡ್ಕೊಂಡ್ ಬಾ" ಅನ್ನುತ್ತಾನೆ. ಹೋದವನು ಹಲ್ಲು ಕಿರಿಯುತ್ತಾ ಬರುತ್ತಾನೆ, ಎಂಜಿನ್ನಿನ ಮಾತು ಅಲ್ಲಿಗೆ ಮರೆತುಹೋಗುತ್ತದೆ. ಅದಕ್ಕೂ ಬಗ್ಗದವರನ್ನು ನನ್ನ ಹೋಟೆಲಿಗೆ ಕರೆತಂದು ಕೂರಿಸುತ್ತಾನೆ. ಎಂಜಿನ್ನಿನ ಜೊತೆ ಇನ್ನೇನೇನು ಬದಲಾಯಿಸಬೇಕು ಎಂದು ಬೆರಳು ಮಡಚುತ್ತಾ ಹೋಗುತ್ತಾನೆ. ಎರಡನೆಯ ಕೈಯ ಬೆರಳು ಮುಗಿಯುವ ಹೊತ್ತಿಗೆ ಹುಡುಗನ ಮುಖ ಇಳಿದಿರುತ್ತದೆ.

ಇಷ್ಟೆಲ್ಲ ಬುದ್ಧಿ ಹೇಳುವ ಈ ಮಹಾಶಯನ ಶೆಡ್ಡಿನ ಮೂಲೆಯಲ್ಲಿ ಏನಿತ್ತು ಗೊತ್ತೇ? ಒಂದು ಎಂಟು ಸಿಲಿಂಡರಿನ ಜಪಾನಿ ಎಂಜಿನ್. ಗುಜರಿಗೆ ಬಂದ ಯಾವುದೋ ದೊಡ್ಡ ಕಾರಿನದು. ನಮ್ಮಮ್ಮ ನೇಯ್ದ ಉಣ್ಣೆ ಕಂಬಳಿಯನ್ನು ಅದಕ್ಕೆ ಹೊದಿಸಿದ್ದ. ಹಬ್ಬಹರಿದಿನಕ್ಕೆ ಕಂಬಳಿ ಸರಿಸಿ, ಎಣ್ಣೆ ಒರೆಸಿ, ಸ್ಟ್ಯಾಂಡಿನ ಮೇಲೇ ಅದನ್ನು ಚಾಲೂ ಮಾಡಿ ನಿಂತು ಕೇಳುತ್ತಿದ್ದ. ಆಗ ಅವನ ಪಕ್ಕ ನಿಂತು ಕೇಳುತ್ತಿದ್ದವನು ನನ್ನ ಮಗ ದೌರೆನ್. ಮೊಣಕಾಲೆತ್ತರ ಇದ್ದಾಗಿನಿಂದ ಕೇಳಿದ್ದಾನೆ. ಆಸೆ ಹುಟ್ಟಿಸಿದವನೇ ಮಾವ, ಇದನ್ನು ನಾನು ಬೆಕೆನ್‌ನ ಮುಖಕ್ಕೇ ಹೇಳಿದ್ದೇನೆ.

ದೌರೆನ್ ಬೆಳೆದು ಡ್ರೈವರ್ ಆದ. ಅವನಪ್ಪ ದೂರದ ಲಾರಿ ಹಿಡಿದು ತಿಂಗಳುಗಟ್ಟಲೆ ಹೊರಗಿರುವವನು, ಮಗನೂ ಅದೇ ದಾರಿ. ಹಳೆಯ ರಷ್ಯನ್ ಕಾರೊಂದನ್ನು ಕೊಂಡು, ನಾಲ್ಕು ಸವಾರಿ ತುಂಬಿಸಿಕೊಂಡು ಆಲ್ಮಾಟಿಗೆ ಹೋಗಿ ಬರುತ್ತಿದ್ದ. ಆ ಕಾರು ಘಾಟಿಯಲ್ಲಿ ಏದುಸಿರು ಬಿಡುತ್ತಿತ್ತು. ಅವಸರದ ಸವಾರಿಗಳು ಹೊಸ ಕಾರುಗಳ ಕಡೆ ಹೋಗುತ್ತಿದ್ದರು.

ಹೋದ ಶರತ್ಕಾಲದಲ್ಲಿ ಒಂದು ಮಧ್ಯಾಹ್ನ ಅವನು ಮಾವನನ್ನು ಹೋಟೆಲಿನಲ್ಲೇ ಹಿಡಿದ. ಮೇಜುಗಳೆಲ್ಲ ತುಂಬಿದ್ದವು. ನಾನು ಶಾವಿಗೆಯ ಹಿಟ್ಟು ಎಳೆಯುತ್ತಿದ್ದೆ.

"ಮಾವ, ಲಾರಿ ಹಿಂದೆ ತೆವಳಿ ತೆವಳಿ ಸಾಕಾಯ್ತು. ಆ ಎಂಜಿನ್ ನನ್ನ ಕಾರಿಗೆ ಹಾಕ್ಕೊಡಿ."

"ಕೂತ್ಕೋ ಅಳಿಯ ದೇವ್ರು," ಅಂದ ಬೆಕೆನ್. "ನಿನ್ನ ಈಗಿನ ಎಂಜಿನ್ ಇಬ್ರು ಎತ್ತಿಡ್ಬೋದು. ಅದನ್ನ ಎತ್ತೋಕೆ ಸರಪಳಿ ಬೇಕು. ಆ ಭಾರ ಎಲ್ಲಾ ಮುಂದಿನ ಚಕ್ರದ ಮೇಲೆ ಕೂರುತ್ತೆ, ಸ್ಪ್ರಿಂಗ್ ಬದಲಾಯಿಸ್ಬೇಕು. ಗೇರ್‌ಬಾಕ್ಸ್ ತಡೆಯಲ್ಲ, ಹಿಂದಿನ ಆಕ್ಸಲ್ ತಡೆಯಲ್ಲ, ರೇಡಿಯೇಟರ್ ಸಾಲಲ್ಲ. ಎಂಜಿನ್ ನಂಬರ್ ಬದಲಾದ್ರೆ ತಪಾಸಣೆಗೆ ತೋರಿಸಿ ಕಾಗದ ಮಾಡಿಸ್ಬೇಕು. ಇಲ್ದಿದ್ರೆ ಏನಾದ್ರೂ ಆದ ದಿನ ವಿಮೆಯವ್ರು ನಿನ್ನ ಮುಖಾನೂ ನೋಡಲ್ಲ. ಇನ್ನು ಬ್ರೇಕು. ನಿನ್ನ ಬ್ರೇಕು ಆ ಪುಟ್ಟ ಎಂಜಿನ್ನನ್ನೇ ಕಷ್ಟಪಟ್ಟು ನಿಲ್ಲಿಸ್ತಿದೆ."

"ಬೇರೆ ದಾರಿ ಏನು ಹಾಗಾದ್ರೆ?"

"ಬಲ ಬೇಕಾದ್ರೆ ಬಲ ಇರೋ ಕಾರೇ ಕೊಂಡ್ಕೋ. ಅದನ್ನ ಕಟ್ಟಿದವ್ನು ಬ್ರೇಕಿನ ಯೋಚನೇನೂ ಮಾಡಿರ್ತಾನೆ."

"ಬ್ರೇಕು ಬ್ರೇಕು ಅಂತೀರಲ್ಲ ಮಾವ, ನಿಲ್ಲಿಸೋಕೆ ಅಂತ ಯಾರಾದ್ರೂ ಕಾರು ತಗೋತಾರಾ?"

ಡ್ರೈವರುಗಳು ಗೊಳ್ಳೆಂದು ನಕ್ಕರು. ನಗು ಬಿದ್ದ ಮೇಲೆ ನನ್ನ ಮಗನಿಗೆ ಕೊಂಬು ಬಂತು. ಎದ್ದು ನಿಂತು, ಎದೆಯ ಮೇಲೆ ಕೈಯಿಟ್ಟುಕೊಂಡ.

"ಹಾಗಾದ್ರೆ ಅಳಿಯನ ಹಕ್ಕಲ್ಲಿ ಕೇಳ್ತೀನಿ. ಇದು ಮೊದಲನೇದು. ಆ ಎಂಜಿನ್ ಕೊಡಿ."

ಊಟಕ್ಕೆ ಕೂತವರು ಚಮಚ ಕೆಳಗಿಟ್ಟರು. ನಮ್ಮಲ್ಲಿ ಸೋದರಳಿಯನಿಗೆ ಮಾವನ ಮನೆಯಲ್ಲಿ ಮೂರು ಕೇಳಿಕೆಯ ಹಕ್ಕಿದೆ. ಜೀವಮಾನದಲ್ಲಿ ಮೂರೇ. ಕುದುರೆಮರಿ ಕೇಳಲಿ, ಬೇಟೆನಾಯಿ ಕೇಳಲಿ, ಮಾವ ಇಲ್ಲ ಅನ್ನುವಂತಿಲ್ಲ. ಇಲ್ಲ ಅಂದವನ, ಅಳಿಯನ ಮೇಲೆ ಕೈಯೆತ್ತಿದವನ ಕೈಗೆ ನಡುಕ ಹಿಡಿಯುತ್ತದೆ ಎಂಬುದು ನಂಬಿಕೆ. ನಮ್ಮ ಬೀದಿಯಲ್ಲೇ ಒಬ್ಬ ಮುದುಕನಿದ್ದ. ಅಳಿಯನಿಗೆ ಒಂದು ಕುದುರೆಜೀನು ಕೊಡದೆ ಅಡಗಿಸಿಟ್ಟಿದ್ದನಂತೆ, ಸಾಯುವವರೆಗೂ ಅವನ ಕೋಟಿನ ಗುಂಡಿಯನ್ನು ಹೆಂಡತಿಯೇ ಹಾಕಬೇಕಾಯಿತು. ದೌರೆನ್‌ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಈ ಕಥೆಯನ್ನೆಲ್ಲ ಹೇಳಿದವಳು ನಮ್ಮಮ್ಮ. ಬೆಕೆನ್ ಅದನ್ನು ನಂಬುತ್ತಾನೋ ಇಲ್ಲವೋ, ಬಾಯಿಬಿಟ್ಟು ಹೇಳಿದವನಲ್ಲ. ಆದರೆ ಕೈಯಿಂದಲೇ ಬದುಕುವವನು ಪರೀಕ್ಷೆ ಮಾಡಿ ನೋಡುವಂಥ ವಿಷಯವಲ್ಲ ಅದು.

ಹಿಟ್ಟು ಕೆಳಗಿಟ್ಟು ಸೌಟು ತೆಗೆದುಕೊಂಡೆ. ತಾಯಿ ಕೈಯೆತ್ತಿದರೆ ಯಾರ ಕೈಯೂ ನಡುಗುವುದಿಲ್ಲ ನೋಡಿ.

"ಬಿಡು ಅಕ್ಕ," ಅಂದ ಬೆಕೆನ್. "ಕೇಳಿದಾನೆ. ಕೊಟ್ಟೆ."

ಮಾರನೆಯ ದಿನ ಶೆಡ್ಡಿನಿಂದ ಎಂಜಿನ್ ಹೊರಬಂತು. ಅದನ್ನು ಅಂಗಳದ ನಡುವೆ ಎರಡು ಹಲಗೆಯ ಮೇಲೆ ಇಳಿಸಿ, ಬೆಕೆನ್ ಕೈ ಕೊಡವಿಕೊಂಡ. "ತಗೋ ಅಳಿಯ. ನಿನ್ದೇ."

"ಇಲ್ಲಿಟ್ರೆ ಏನ್ ಮಾಡ್ಲಿ ಮಾವ?"

"ಎಂಜಿನ್ ಕೊಡಿ ಅಂದೆ. ಕಾರಿಗೆ ಹಾಕಿ ಅಂತ ಕೇಳ್ಲಿಲ್ಲ."

ನನಗೆ ನಗು ತಡೆಯಲಾಗಲಿಲ್ಲ. ತಮ್ಮನ ಲೆಕ್ಕ ನನಗೆ ಅರ್ಥವಾಗಿತ್ತು. ಎಂಜಿನ್ ಅಲ್ಲೇ ಬಿದ್ದಿರಲಿ, ಹುಡುಗನಿಗೆ ಬೇಸರ ಬರಲಿ ಎಂದು. ಊಟಕ್ಕೆ ಬಂದವರೆಲ್ಲ ದೌರೆನ್‌ನನ್ನು ಕಾಡಲು ಶುರುವಿಟ್ಟರು. "ಏನಪ್ಪಾ, ಎಂಜಿನ್‌ಗೆ ಹುಲ್ಲು ಹಾಕ್ದ್ಯಾ?" "ರಾತ್ರಿ ಚಳಿ ಜಾಸ್ತಿ, ಒಳಗೆ ಕಟ್ಕೋ." ಆದರೆ ಅಣಕಿಸಿದರೆ ಸೋಲುವ ಜಾತಿಯಲ್ಲ ಅದು, ನನ್ನ ಹೊಟ್ಟೆಯಲ್ಲಿ ಹುಟ್ಟಿದ್ದಲ್ಲವೇ. ಮೊದಲ ಮಂಜು ಬಿದ್ದ ದಿನ ಮಾವನ ಎದುರು ನಿಂತ.

"ಎರಡನೇದು. ಅದನ್ನ ನನ್ನ ಕಾರಿಗೆ ಹಾಕ್ಕೊಡಿ."

ಹಾಕುವುದೆಂದ ಮೇಲೆ ಬೆಕೆನ್‌ಗೆ ಅರೆಬರೆ ಕೆಲಸ ಗೊತ್ತಿಲ್ಲ. ಚಳಿಗಾಲ ಪೂರ್ತಿ, ಬೇರೆ ರಿಪೇರಿಗಳ ನಡುವೆ, ಮಾವ ಅಳಿಯ ಇಬ್ಬರೂ ಆ ಕಾರಿನೊಳಗೇ ಇದ್ದರು. ಎಂಜಿನ್ ಕೂರುವ ಜಾಗ ಕೊಯ್ದು ಬೆಸುಗೆ ಹಾಕಿದರು. ಅದರದೇ ಗೇರ್‌ಬಾಕ್ಸ್ ಹುಡುಕಿ ತಂದರು. ಹಿಂದಿನ ಆಕ್ಸಲ್, ರೇಡಿಯೇಟರ್, ಸ್ಪ್ರಿಂಗ್, ಒಂದೊಂದೇ ಬದಲಾಯಿತು. ದೌರೆನ್ ಕೂಡಿಟ್ಟಿದ್ದನ್ನೆಲ್ಲ ಅದಕ್ಕೇ ಸುರಿದ. ಗೋಡೆಯಾಚೆಯಿಂದ ಬೆಕೆನ್ ಗುನುಗುವುದು ಕೇಳಿದರೆ ನನಗೆ ಮೈ ಉರಿಯುತ್ತಿತ್ತು.

"ಖುಷಿಯಾಗಿದ್ದೀಯಲ್ಲೋ?" ಎಂದು ಒಂದು ದಿನ ಕೇಳಿಯೇಬಿಟ್ಟೆ.

"ಆಗದೆ ಇರುತ್ತಾ ಅಕ್ಕ?" ಅಂದ. "ಇಷ್ಟು ವರ್ಷ ಕಂಬಳಿ ಕೆಳಗಿತ್ತು. ನಾನು ಹಾಕೋಕೆ ಧೈರ್ಯ ಮಾಡ್ಲಿಲ್ಲ, ಇವ್ನು ಮಾಡ್ಸಿದ." ಆಮೇಲೆ ದನಿ ಇಳಿಸಿ, "ಹೆದ್ರಬೇಡ. ಬ್ರೇಕು ಹಾಕದೆ ಅಂಗಳ ದಾಟಿಸಲ್ಲ," ಅಂದ.

ಆ ಬ್ರೇಕೇ ತಡವಾಯಿತು. ದೊಡ್ಡ ಬ್ರೇಕು ಕೂರಬೇಕಾದರೆ ಚಕ್ರದ ನಡುವಿನ ಗುಂಬವೇ ಬೇರೆ ಬೇಕು. ನಗರದ ಗುಜರಿಯವನು ಇವತ್ತು ನಾಳೆ ಎನ್ನುತ್ತಾ ಹೋದ. ಅಷ್ಟರಲ್ಲಿ ವಸಂತದ ಹೊಸವರ್ಷ, ನೌರೂಜ್ ಹಬ್ಬ ಬಂತು. ಹಬ್ಬದ ದಿನ ಈ ಕಡೆಯ ಹುಡುಗರೆಲ್ಲ ಕಾರು ತೊಳೆದು ಪೆಟ್ರೋಲ್ ಬಂಕಿನ ಬಳಿ ಸೇರುತ್ತಾರೆ, ಘಾಟಿಯ ತುದಿಯವರೆಗೆ ಹೋಗಿ ಬರುತ್ತಾರೆ. ತನ್ನ ಕಾರಿನ ಸದ್ದು ಅವತ್ತೇ ಎಲ್ಲರಿಗೂ ಕೇಳಿಸಬೇಕೆಂದು ದೌರೆನ್‌ಗೆ ಹಟ ಹಿಡಿಯಿತು.

ಹಬ್ಬದ ಬೆಳಿಗ್ಗೆ ಹೊಸ ಅಂಗಿ ತೊಟ್ಟು ಅಂಗಳಕ್ಕೆ ಬಂದ. ನಾನು ದೊಡ್ಡ ಹಂಡೆಯಲ್ಲಿ ಹಬ್ಬದ ಗಂಜಿ ಕಲಕುತ್ತಿದ್ದೆ.

"ಇನ್ನೆರಡು ವಾರ ತಡ್ಕೋ," ಎಂದು ಬೆಕೆನ್ ಹೇಳುವುದು ಕೇಳಿಸಿತು. "ಈಗಿರೋದು ಹಳೇ ಬ್ರೇಕು. ಒಂದ್ಸಲ ಹಿಡಿಯುತ್ತೆ, ಎರಡ್ಸಲ ಹಿಡಿಯುತ್ತೆ. ಬಿಸಿ ಆದ್ಮೇಲೆ ಹಿಡಿಯಲ್ಲ."

"ಹೊಸ ಪ್ಯಾಡ್ ಹಾಕಿದೀನಲ್ಲ ಮಾವ. ಮೆಲ್ಲಗೆ ಹೋಗ್ತೀನಿ."

"ಆ ಎಂಜಿನ್ ಇಟ್ಕೊಂಡು ನೀನು ಮೆಲ್ಲಗೆ ಹೋಗ್ತೀಯಾ?"

ದೌರೆನ್ ಮತ್ತೆ ಎದೆಯ ಮೇಲೆ ಕೈಯಿಟ್ಟುಕೊಂಡ. "ಮೂರನೇದು ಕೇಳ್ತಿದೀನಿ. ಕೀಲಿ ಕೊಡಿ."

ಕೊಡಬೇಡವೋ ಎಂದು ಕೂಗಬೇಕೆನಿಸಿತು. ಆದರೆ ಕೊಡದಿದ್ದರೆ ಆ ಕೈ ಏನಾಗುವುದೋ ಎಂದೂ ಅನ್ನಿಸಿತು. ಒಂದು ಕಡೆ ಮಗನ ಜೀವ, ಇನ್ನೊಂದು ಕಡೆ ತಮ್ಮನ ಕೈ. ಯಾವುದನ್ನು ತೂಗಲಿ ನಾನು? ಬಾಯಿಬಡುಕಿ ಎಂದು ಹೆಸರಾದವಳಿಗೆ ಅವತ್ತು ಬಾಯಿ ಬರಲಿಲ್ಲ.

ಬೆಕೆನ್ ಚಿಂದಿಬಟ್ಟೆಯಲ್ಲಿ ಕೈ ಒರೆಸಿಕೊಂಡ, ಒಂದೊಂದೇ ಬೆರಳು. ಮೊಳೆಗೆ ತೂಗಿಹಾಕಿದ್ದ ಕೀಲಿ ತಂದು ಅಳಿಯನ ಅಂಗೈ ಮೇಲಿಟ್ಟ. ಆಮೇಲೆ ಕಾರಿನ ಆಚೆ ಬದಿಗೆ ಹೋಗಿ, ಬಾಗಿಲು ತೆಗೆದು, ಮುಂದಿನ ಸೀಟಿನಲ್ಲಿ ಕೂತುಬಿಟ್ಟ.

"ನೀವೆಲ್ಲಿಗೆ ಮಾವ?"

"ಕೀಲಿ ಕೇಳ್ದೆ, ಕೊಟ್ಟೆ. ಇಳೀರಿ ಅಂತ ಕೇಳೋಕೆ ನಿನ್ನ ಹತ್ರ ನಾಲ್ಕನೇದಿಲ್ಲ."

ನಾನು ಹಂಡೆಯನ್ನು ಅದರ ಪಾಡಿಗೆ ಬಿಟ್ಟು ಹೋಗಿ ಹಿಂದಿನ ಸೀಟು ಹತ್ತಿದೆ. ಕೂತ ಮೇಲೆ ನೋಡಿಕೊಂಡೆ, ಸೌಟು ಕೈಯಲ್ಲೇ ಇತ್ತು.

"ಅಕ್ಕ, ಇಳಿ," ಅಂದ ಬೆಕೆನ್. ಅಷ್ಟು ಗಡುಸಾಗಿ ಅವನು ನನ್ನೊಡನೆ ಮಾತಾಡಿದವನೇ ಅಲ್ಲ. "ಇದು ಆಟ ಅಲ್ಲ."

"ಅಲ್ಲ ಅಂತ ಗೊತ್ತಿರೋದಕ್ಕೇ ಹತ್ತಿದ್ದು. ನೀವಿಬ್ರೂ ಹೋಗಿ, ನಾನು ಇಲ್ಲಿ ಗಂಜಿ ತಿರುವ್ತಾ ನಿಂತಿರ್ಲಾ? ಹೊರಡಿಸೋ ಕಾರು."

ದೌರೆನ್ ಕನ್ನಡಿಯಲ್ಲಿ ನನ್ನನ್ನು ನೋಡಿದ. ಅವನು ಆಗಲೇ ಕೆಳಗಿಳಿದಿದ್ದರೆ ಚೆನ್ನಿತ್ತು. ಬಂಕಿನ ಬಳಿ ಗೆಳೆಯರು ಕಾಯುತ್ತಿದ್ದರು, ಇಳಿಯಲಿಲ್ಲ.

"ಕುಮಿಸ್ ಮಾರೋರ ಜಾಗದವರೆಗೆ ಹೋಗು, ಸಾಕು," ಅಂದ ಬೆಕೆನ್. ಏರಿನ ನಡುವೆ, ರಸ್ತೆಯ ಬದಿಯಲ್ಲಿ ಹುಳಿಬರಿಸಿದ ಕುದುರೆ ಹಾಲು ಮಾರುವ ಜಾಗ ಅದು.

ಸುಳ್ಳು ಯಾಕೆ ಹೇಳಲಿ, ಏರು ಹತ್ತುವಾಗ ನನಗೂ ಖುಷಿಯಾಯಿತು. ಬೆನ್ನು ಸೀಟಿಗೆ ಅಂಟಿಕೊಂಡಿತು. ಲಾರಿಗಳು ನಿಂತಲ್ಲೇ ನಿಂತಂತೆ ಹಿಂದೆ ಸರಿದವು. ಬಂಕಿನ ಹುಡುಗರು ಕೈಬೀಸಿ ಕೂಗಿದರು. ಬೆಕೆನ್ ಕಣ್ಣು ಮುಚ್ಚಿ ಎಂಜಿನ್ನಿನ ಸದ್ದು ಕೇಳುತ್ತಿದ್ದ. ಆ ಗಳಿಗೆಯಲ್ಲಿ ಅವರಿಬ್ಬರಲ್ಲಿ ದೊಡ್ಡವನು ಯಾರೆಂದು ಹೇಳುವುದು ಕಷ್ಟವಿತ್ತು.

ಆ ಏರಿನ ನಡುವೆಯೇ ಎರಡು ಇಳಿಜಾರು ಬರುತ್ತವೆ. ಮೊದಲನೆಯದು ಚಿಕ್ಕದು. ದೌರೆನ್ ಬ್ರೇಕು ಒತ್ತಿದ, ಕಾರು ಮೂಗು ತಗ್ಗಿಸಿ ಎಡಕ್ಕೆ ಎಳೆಯಿತು, ಆದರೂ ಹಿಡಿಯಿತು. ಏನೋ ಸುಟ್ಟ ವಾಸನೆ ಬಂತು. "ನೋಡಿದ್ರಾ ಮಾವ, ಹಿಡೀತು," ಎಂದು ನಕ್ಕ. ಬೆಕೆನ್ ಕಣ್ಣು ತೆರೆದು ಹ್ಯಾಂಡ್‌ಬ್ರೇಕಿನ ಮೇಲೆ ಕೈಯಿಟ್ಟ.

ಎರಡನೆಯ ಇಳಿಜಾರು ಉದ್ದ. ಅದರ ತಳದಲ್ಲಿ ಕಲ್ಲಿದ್ದಲು ತುಂಬಿದ ಲಾರಿಯೊಂದು ಆಮೆನಡಿಗೆಯಲ್ಲಿ ಹೋಗುತ್ತಿತ್ತು. ಎದುರಿನಿಂದ ಬಸ್ಸು ಬರುತ್ತಿತ್ತು. ಹಿಂದಿಕ್ಕಲು ಜಾಗವಿಲ್ಲ. ದೌರೆನ್ ಬ್ರೇಕು ಒತ್ತಿದ. ಅವನ ಕಾಲು ಕೆಳಗಿನವರೆಗೂ ಹೋಯಿತು. ಕಾರಿನ ವೇಗ ಇಳಿಯಲಿಲ್ಲ.

"ಮಾವ," ಅಂದ. ಸಣ್ಣವನಿದ್ದಾಗ ಕರೆಯುತ್ತಿದ್ದ ದನಿ ಅದು.

"ಗೇರ್ ಇಳ್ಸು," ಅಂದ ಬೆಕೆನ್, ಸ್ಪ್ಯಾನರ್ ಕೊಡು ಎಂದು ಕೇಳುವ ಧಾಟಿಯಲ್ಲೇ. "ಇನ್ನೊಂದು ಇಳ್ಸು. ಹ್ಯಾಂಡ್‌ಬ್ರೇಕ್ ನನ್ನ ಕೈಲಿದೆ, ನೀನು ರಸ್ತೆ ನೋಡು. ಬಲಕ್ಕೆ, ನಮ್ಮ ಬದಿಯ ಅಂಚಲ್ಲಿ ಜಲ್ಲಿ ಹಾಸಿದಾರಲ್ಲ, ಅಲ್ಲಿಗೆ ಬಿಡು."

ಎಂಜಿನ್ ಗೋಳಿಟ್ಟಿತು. ನಾನು ರಸ್ತೆ ನೋಡಲಿಲ್ಲ, ಲಾರಿ ನೋಡಲಿಲ್ಲ, ನನ್ನ ತಮ್ಮನ ಕೈಯನ್ನೇ ನೋಡುತ್ತಿದ್ದೆ. ಹ್ಯಾಂಡ್‌ಬ್ರೇಕನ್ನು ಅವನು ಒಮ್ಮೆಲೇ ಎಳೆಯಲಿಲ್ಲ. ಸ್ವಲ್ಪ ಎಳೆದ, ಸಡಿಲಿಸಿದ, ಮತ್ತೆ ಎಳೆದ. ಲಾರಿಯ ಹಿಂಬದಿಯ ಮಣ್ಣು ಮೆತ್ತಿದ ಹಲಗೆ ಕಿಟಕಿಯ ಪಕ್ಕದಲ್ಲೇ ಹಾದುಹೋಯಿತು. ಕಾರು ಜಲ್ಲಿಯಲ್ಲಿ ಗರಗರ ಎನ್ನುತ್ತಾ ಹೋಗಿ, ಕುಮಿಸ್ ಮಾರುವವಳ ಪೀಪಾಯಿಯ ಎದುರು ನಿಂತಿತು. ಲಾರಿಯವನಿಗೆ ಏನೂ ಗೊತ್ತಾಗಲಿಲ್ಲ, ತನ್ನ ಪಾಡಿಗೆ ಹೋದ.

"ನಿಮ್ಮ ಕಾರಿಂದ ಸುಟ್ಟ ವಾಸನೆ ಬರ್ತಿದೆ," ಅಂದಳು ಕುಮಿಸ್ ಮಾರುವವಳು.

"ಗೊತ್ತು ತಾಯಿ," ಅಂದ ಬೆಕೆನ್.

ದೌರೆನ್ ಕೆಳಗಿಳಿದ. ಮುಂದಿನ ಚಕ್ರದಿಂದ ಹೊಗೆ ಬರುತ್ತಿತ್ತು. ಅದರ ಎದುರು ಕುಕ್ಕರಗಾಲಲ್ಲಿ ಕೂತ. ಆಮೇಲೆ ತಿರುಗಿ ನನ್ನನ್ನು ನೋಡಿದ. ನಾನು ಸೌಟನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದೆ. ಅವನ ಮುಖ ಸುಣ್ಣವಾಯಿತು. ತನಗಾಗಿ ಹೆದರದವನು ಆಗ ಹೆದರಿದ.

"ಮಾವ," ಅಂದ.

"ಹೇಳು."

"ಕೇಳೋಕೆ ನನ್ನ ಹತ್ರ ಏನೂ ಉಳಿದಿಲ್ಲ."

"ಇಲ್ಲ."

"ಆದ್ರೂ ಕೇಳ್ತೀನಿ. ಬ್ರೇಕು ಹಾಕ್ಕೊಡಿ."

"ಇದಕ್ಕೆ ನಾನು ಇಲ್ಲ ಅನ್ಬೋದು. ಅಲ್ವಾ?"

"ಅನ್ಬೋದು."

ಬೆಕೆನ್ ಬಗ್ಗಿ ಹೊಗೆಯಾಡುತ್ತಿದ್ದ ಚಕ್ರ ನೋಡಿದ. "ಗ್ಯಾರೇಜಲ್ಲಿ ನಿನಗಿಂತ ಮುಂಚೆ ನಾಲ್ಕು ಗಾಡಿ ಇವೆ. ನಿನ್ನ ಸರದಿ ಬರ್ಲಿ," ಅಂದ.

ಕೆಳಗಿಳಿಯುತ್ತಿದ್ದ ಪರಿಚಯದ ಲಾರಿಯೊಂದನ್ನು ನಿಲ್ಲಿಸಿ, ಕಾರಿಗೂ ಅದಕ್ಕೂ ಉದ್ದನೆಯ ಕಬ್ಬಿಣದ ಸರಳು ಕಟ್ಟಿದರು. ನನ್ನನ್ನು ಲಾರಿಗೆ ಹತ್ತಿಸಿದರು. ದೌರೆನ್ ಸ್ಟಿಯರಿಂಗ್ ಹಿಡಿದು, ಬೆಕೆನ್ ಪಕ್ಕದಲ್ಲಿ ಕೂತು, ಲಾರಿಯ ಹಿಂದೆ ಮೆಲ್ಲಗೆ ಬಂದರು. ಬಂಕಿನ ಹುಡುಗರು ಸಾಲಾಗಿ ನಿಂತು ನೋಡಿದರು. ಒಬ್ಬ ಫೋನಿನಲ್ಲಿ ಚಿತ್ರ ತೆಗೆದ. "ಎಂಟು ಸಿಲಿಂಡರ್ ಸಾಲ್ದೆ ಲಾರೀನೂ ಕಟ್ಕೊಂಡ್ಯಾ?" ಎಂದು ಇನ್ನೊಬ್ಬ ಕೂಗಿದ್ದು ನನಗೂ ಕೇಳಿಸಿತು. ದೌರೆನ್ ಆ ಕಡೆ ತಿರುಗಲಿಲ್ಲ.

ಗಂಜಿ ತಳ ಹಿಡಿದಿತ್ತು. ಹಬ್ಬ ಆದ್ದರಿಂದ ಯಾರೂ ಏನೂ ಅನ್ನಲಿಲ್ಲ. ಅಪರೂಪಕ್ಕೆ ಬೆಕೆನ್ ಒಳಗೆ ಬಂದು ಮೇಜಿನೆದುರು ಕೂತ. ಅಭ್ಯಾಸಬಲದಿಂದ ನಾನು ಬಟ್ಟಲು ಅಂಚಿನವರೆಗೆ ತುಂಬಿಸಿ ಕೊಟ್ಟೆ. ಅವನು ಮೂರು ಬೆರಳಲ್ಲಿ ಎತ್ತಿದ. ಬಿಸಿ ಚಹಾ ಮಣಿಕಟ್ಟಿನ ಮೇಲೆ ಚೆಲ್ಲಿತು, ಮೇಜಿನ ಮೇಲೆ ಹರಿಯಿತು. ಬಟ್ಟಲು ಕೆಳಗಿಟ್ಟು ಕೈಯನ್ನು ಮೇಜಿನಡಿ ಇಟ್ಟುಕೊಂಡ. ಅಷ್ಟರಲ್ಲಿ ದೌರೆನ್ ನೋಡಿಯಾಗಿತ್ತು. ಬಾಗಿಲ ಪಕ್ಕದ ಮೇಜಿನವರು ತಲೆ ತಗ್ಗಿಸಿ ಊಟ ಮಾಡಿದರು.

"ಇಲ್ಲ ಅಂದ್ರೆ ನಡುಗುತ್ತೆ ಅಂತಿದ್ಲು ಅಜ್ಜಿ," ಅಂದ ದೌರೆನ್, ಮೆಲ್ಲಗೆ.

"ಹೌದು," ಅಂದ ಬೆಕೆನ್. "ಕೊಟ್ರೆ ಏನಾಗುತ್ತೆ ಅಂತ ಅವ್ಳು ಹೇಳಿರ್ಲಿಲ್ಲ."

ದೌರೆನ್ ಎದ್ದು ಆ ಬಟ್ಟಲು ತೆಗೆದುಕೊಂಡ. ಉಳಿದ ಚಹಾ ಚೆಲ್ಲಿ, ತೊಳೆದು, ಅತಿಥಿಗೆ ಕೊಡುವಂತೆ ಅರ್ಧ ಮಾತ್ರ ಸುರಿದ. ಎರಡೂ ಕೈಯಲ್ಲಿ ಹಿಡಿದು ಮಾವನ ಮುಂದೆ ತಂದ. ಬೆಕೆನ್ ಮೇಜಿನಡಿಯಿಂದ ಕೈ ತೆಗೆಯುವವರೆಗೂ ಹಾಗೇ ಹಿಡಿದು ನಿಂತಿದ್ದ.